ಬೇರೇನಾದರೂ ತಿಳಿಸುವುದಿದ್ದರೆ

ಹನ್ನೊಂದನೇ ಪುಟದ ತಳದಲ್ಲಿ
ನಾಲ್ಕು ಗೆರೆಯ ಒಂದು ಡಬ್ಬಿ ಬಿಟ್ಟಿದ್ದೀರಿ,
ನಿಮ್ಮ ಪರಿಸ್ಥಿತಿಯಲ್ಲಿ ಬದಲಾವಣೆ ಆಗಿದ್ದರೆ, ಎಂದು.
ಆಗಿದೆ.
ಮಗನಿಗೆ ಕೆಲಸ ಸಿಕ್ಕಿದೆ.

ನಾನು ಗುಲಾಬಿ ಮೆಂಡನ್, ಗ್ರಿಮ್ಸ್‌ಬಿ,
ಮೀನು ಫ್ಯಾಕ್ಟರಿಯ ಮೂರನೇ ಬೆಲ್ಟು.
ಕೋಡಿ ಬೆಂಗ್ರೆಯಲ್ಲಿ ಬಂಗುಡೆಯ ಕಿವಿರು ಎತ್ತಿ ನೋಡಿ
ಯಾವ ಹೊತ್ತಿನ ಮೀನೆಂದು ಹೇಳುತ್ತಿದ್ದವಳು.
ಇಲ್ಲಿ ಹ್ಯಾಡಕ್ ತಲೆಯಿಲ್ಲದೆ ಬರುತ್ತದೆ,
ಮುಖ ನೋಡದೆ ಕೊಯ್ಯುತ್ತೇನೆ.
ನಿಮ್ಮ ಕೆಲಸವೂ ಹಾಗೇ ಇದ್ದೀತು,
ತಪ್ಪು ತಿಳಿಯಬೇಡಿ.

ಗಂಡ ಅಬರ್ಡೀನಿನ ಹಡಗಿಗೆಂದು ಹೋದವನು
ಅಬರ್ಡೀನಿನಲ್ಲೇ ಇನ್ನೊಂದು ಒಲೆ ಹೂಡಿದ ವರ್ಷ
ನನ್ನ ತಂಗಿಗೆ ಗೊತ್ತಾಗುವ ಮೊದಲೇ ನಿಮಗೆ ಗೊತ್ತಿತ್ತು:
ಮನೆಯಲ್ಲಿ ದೊಡ್ಡವರು ಒಬ್ಬರೇ,
ಕೌನ್ಸಿಲ್ ತೆರಿಗೆಯಲ್ಲಿ ಕಾಲುಭಾಗ ವಜಾ.
ನನಗೆ ಬಂದ ಸಂತಾಪದ ಕಾಗದ ಅದೊಂದೇ.
ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಟ್ಟಿದ್ದೆ.

ಈಗ ತನ್ವಿತ್ ಕಾಲೇಜು ಮುಗಿಸಿ
ಕೋಲ್ಡ್ ಸ್ಟೋರೇಜಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತಾನೆ.
ಮೊದಲ ಸಂಬಳದಲ್ಲಿ ನನಗೊಂದು ಜೊತೆ ಕೈಗವಸು ತಂದ,
ಒಳಗೆ ಉಣ್ಣೆ ಇರುವಂಥದ್ದು.
ಅದರ ಬೆನ್ನಿಗೇ ನಿಮ್ಮ ಲಕೋಟೆ.
ಕಾಲುಭಾಗ ಹಿಂದಕ್ಕೆ ಹೋಯಿತು.
ನವೆಂಬರಿನಲ್ಲಿ ಅವನಿಗೆ ಇಪ್ಪತ್ತೊಂದು ತುಂಬಿತು,
ಬಾಡಿಗೆಯ ನೆರವಿನಲ್ಲೂ ಒಂದು ತುಂಡು ಹೋಯಿತು.
ಅವನಿಗೊಂದು ಹೆಸರಿಟ್ಟಿದ್ದೀರಿ:
ಅವಲಂಬಿತನಲ್ಲದವನು.
ರಾತ್ರಿ ಪಾಳಿ ಮುಗಿಸಿ, ಹುಬ್ಬಿನ ಮೇಲಿನ ಮಂಜು ಕರಗುವ ಮೊದಲೇ
ಅಮ್ಮಾ, ಗಂಜಿ ಉಂಟಾ, ಎಂದು ಕೇಳುವವನಿಗೆ.

ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ, ಎನ್ನುತ್ತಿದ್ದರು ನಮ್ಮಲ್ಲಿ.
ಇಲ್ಲಿ ಎಮ್ಮೆಗೆ ಜ್ವರವೂ ಇರಲಿಲ್ಲ.
ಮೈ ಒಂದಿಷ್ಟು ತುಂಬಿಕೊಂಡಿತ್ತು, ಅಷ್ಟೇ.

ಡಿಸೆಂಬರಿನ ಓವರ್‌ಟೈಮ್ ಬರೆದಿದ್ದೇನೆ, ಆರನೇ ಪುಟ ನೋಡಿ.
ವಾರಕ್ಕೆ ಹನ್ನೆರಡು ತಾಸು ಹೆಚ್ಚು ನಿಂತೆ.
ಪೌಂಡಿಗೆ ಐವತ್ತೈದು ಪೆನ್ನಿ ನೆರವಿನಿಂದ ಇಳಿಯಿತು,
ಉಳಿದದ್ದು ಬಸ್ಸಿಗೆ, ಮೊಣಕಾಲಿನ ಮುಲಾಮಿಗೆ.
ನಿನಗೇನು ಹುಚ್ಚಾ, ಎಂದಳು ಪಕ್ಕದಲ್ಲಿ ನಿಲ್ಲುವ ಡೋರೀನ್.
ಹುಚ್ಚಲ್ಲ. ಒಲ್ಲೆ ಎಂದವರನ್ನು
ಅವರು ಮತ್ತೆ ಕರೆಯುವುದಿಲ್ಲ.
ಜನವರಿಯಲ್ಲಿ ಬಿರುಗಾಳಿ, ಬೆಲ್ಟು ಖಾಲಿ, ವಾರಕ್ಕೆ ಮೂರೇ ದಿನ.
ನಿಮ್ಮ ಲೆಕ್ಕ ಮಾತ್ರ
ಡಿಸೆಂಬರಿನ ಗುಲಾಬಿಯನ್ನೇ ನೋಡುತ್ತ ಕುಳಿತಿತ್ತು.

ಮೊನ್ನೆ ಅವನು ಲಕೋಟೆಯ ಹಿಂದೆ ಲೆಕ್ಕ ಹಾಕಿದ:
ನಾನು ಬೇರೆ ಹೋದರೆ
ತೆರಿಗೆಯ ಕಾಲುಭಾಗ ತಿರುಗಿ ಬರುತ್ತದೆ.
ಆದರೆ ನನ್ನ ಕೋಣೆ ಖಾಲಿ ಬಿತ್ತೆಂದು
ಬಾಡಿಗೆಯಲ್ಲಿ ನೂರಕ್ಕೆ ಹದಿನಾಲ್ಕು ಮುರಿದುಕೊಳ್ಳುತ್ತಾರೆ.
ಇದ್ದರೆ ಇಷ್ಟು. ಹೋದರೆ ಇಷ್ಟು.
ಎರಡು ಸಲ ಕೂಡಿಸಿದ, ತುಟಿ ಕಚ್ಚಿ,
ಏಳನೇ ಮಗ್ಗಿ ತಪ್ಪುತ್ತಿದ್ದಾಗ ಕಚ್ಚುತ್ತಿದ್ದ ಹಾಗೆ.
ವಾರಕ್ಕೆ ಒಂಬತ್ತು ಪೌಂಡು ವ್ಯತ್ಯಾಸ ಅಮ್ಮಾ, ಎಂದ.
ಯಾವ ಕಡೆಗೆ ಎಂದು ನಾನು ಕೇಳಲಿಲ್ಲ.
ಅವನೂ ಹೇಳಲಿಲ್ಲ.
ಲಕೋಟೆಯನ್ನು ನಾಲ್ಕು ಮಡಿಕೆ ಮಾಡಿ
ಅಲುಗಾಡುವ ಮೇಜಿನ ಕಾಲಡಿ ಕೊಟ್ಟ.

ಅಂದಿನಿಂದ ಪ್ರತಿ ಶುಕ್ರವಾರ
ಉಪ್ಪಿನ ಭರಣಿಯ ಕೆಳಗೆ ನಲವತ್ತು ಪೌಂಡು ಇರುತ್ತದೆ.
ನಾನು ಎತ್ತಿಕೊಳ್ಳುವಾಗ
ಅವನು ಟೀವಿಯ ಸದ್ದು ಜೋರು ಮಾಡುತ್ತಾನೆ.
ಇದನ್ನು ಆದಾಯವೆಂದು ಬರೆಯಬೇಕೆ?
ಯಾವ ಪುಟದಲ್ಲಿ?

ಇಷ್ಟೆಲ್ಲ ಇತ್ತು.
ಡಬ್ಬಿ ನಾಲ್ಕು ಗೆರೆಯದು, ನನ್ನ ಇಂಗ್ಲಿಷು ಎರಡು ಗೆರೆಯದು.
ಆದ್ದರಿಂದ ಅವನ ಹೆಸರು, ಸೇರಿದ ತಾರೀಕು,
ಸಂಬಳದ ಚೀಟಿಯ ನಕಲು,
ಮೇಲಿನದೆಲ್ಲ ನಿಜ ಎಂಬಲ್ಲಿ ರುಜು.

ಕಾಗದಕ್ಕೆ ಮೀನಿನ ವಾಸನೆ ಹತ್ತಿದೆ.
ಮೂರು ಸಲ ಸೋಪು ಹಾಕಿ ಕೈ ತೊಳೆದೇ ಬರೆದದ್ದು.
ಅದು ಮೊದಲಿನಿಂದಲೂ ಇದೆ,
ದಯವಿಟ್ಟು ಬದಲಾವಣೆ ಎಂದು ಹಿಡಿಯಬೇಡಿ.